ಭಾರತಮ್ಮ ತಂದ ಕರೆಂಟು

ಆ ಬೇಸಿಗೆಯಲ್ಲಿ ವಕ್ಕಲೇರಿಯ ಗಂಗರತ್ನಮ್ಮನನ್ನು ಬಿಸಿಲಿಗಿಂತ ಹೆಚ್ಚು ಸುಟ್ಟದ್ದು ಬೇಲಿಯಾಚೆಯ ಹಸಿರು. ಅದು ಅವಳ ಮೈದುನ ರಾಮಚಂದ್ರಪ್ಪನ ತೋಟ. ಅವನ ಹೆಂಡತಿ ಭಾರತಮ್ಮ ಬೆಳಗಾದರೆ ಸಾಕು, ಮಂಕರಿ ತುಂಬ ಎಳೆ ಬದನೆಕಾಯಿ ಹೊತ್ತು ಇವಳ ಕಣ್ಣೆದುರೇ ಹಾದುಹೋಗುತ್ತಿದ್ದಳು.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷ ಅದು. ಅದಕ್ಕೂ ಮುಂಚೆ ಗಂಗರತ್ನಮ್ಮನ ಗಂಡ ಪೆದ್ದಪ್ಪ ಬಾವಿಯಿಂದ ನೀರೆತ್ತುವ ಕಪಿಲೆಯ ಎತ್ತುಗಳನ್ನು ಮಾರಿ ಬಾವಿಗೆ ಕರೆಂಟಿನ ಮೋಟಾರು ಕೂರಿಸಿದ್ದ. ಅವನನ್ನು ನೋಡಿ ಊರಿನ ಇನ್ನೂ ಕೆಲವರು ಕೂರಿಸಿದರು. ರಾಮಚಂದ್ರಪ್ಪ ಮಾತ್ರ ಎತ್ತು ಹೂಡಿ ನೀರೆತ್ತುವುದನ್ನು ಬಿಡಲಿಲ್ಲ. ಗಂಗರತ್ನಮ್ಮ ಆಗ ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ, ಓರಗಿತ್ತಿಗೆ ಕೇಳಿಸುವ ಹಾಗೆ, "ಎತ್ತಿನ ಹಿಂದೆ ಸುತ್ತೋರು ಸುತ್ತಲಿ, ನಮಗೇನಂತೆ!" ಎಂದಿದ್ದಳು.

ಈಗ ಅಣೆಕಟ್ಟೆಯಲ್ಲಿ ನೀರು ತಗ್ಗಿದೆಯೆಂದು ಸರ್ಕಾರ ಹಳ್ಳಿಗಳ ಕರೆಂಟು ನಿಲ್ಲಿಸಿತ್ತು. ಯಾವಾಗಲೋ ಬರುವುದು, ನೀರು ಕಾಲುವೆಯ ತುದಿ ಮುಟ್ಟುವ ಮೊದಲೇ ಹೋಗುವುದು. ಗಂಗರತ್ನಮ್ಮನ ಹುರುಳಿಕಾಯಿ ಗಿಡಗಳು ನಿಂತಲ್ಲೇ ಸುರುಟಿಕೊಂಡವು, ಬದನೆ ಗಿಡಗಳು ಬಾಡತೊಡಗಿದವು. ಬೇಲಿಯಾಚೆ ಕಪಿಲೆ ಕಿರುಗುಟ್ಟಿದಾಗಲೆಲ್ಲ ಗಂಗರತ್ನಮ್ಮನಿಗೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಗುತ್ತಿತ್ತು.

ಕೊನೆಗೆ ಊರಿನವರು ಗಾಡಿ ಕಟ್ಟಿಕೊಂಡು ಕೋಲಾರದ ಕರೆಂಟ್ ಆಫೀಸಿಗೆ ಹೊರಟರು. ಭಾರತಮ್ಮನೂ ಬಂದು ಗಾಡಿ ಹತ್ತಿದಳು.

"ನಿಂಗ್ಯಾಕೇ ಈ ಬಿಸಿಲು? ನಿನ್ನ ತೋಟಕ್ಕೇನಾಗೈತೆ?" ಎಂದಳು ಗಂಗರತ್ನಮ್ಮ.

"ನಿಮ್ಮ ಗಿಡ ಒಣಗ್ತಿದ್ರೆ ನೋಡೋಕಾಗಲ್ಲ ಅಕ್ಕ, ಬರ್ತೀನಿ ಬಿಡು."

ಆಫೀಸಿನ ಹೊರಗೆ ಮಾಲೂರು, ಮುಳಬಾಗಿಲು ಕಡೆಯ ರೈತರೂ ಸೇರಿದ್ದರು. ಒಳಗೆ ಸಾಹೇಬರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. "ಮೇಲಿನಿಂದ ಹುಕುಂ ಬಂದಿದೆ, ನಾನೇನು ಮಾಡಲಿ?" ಎಂದರು ಅವರು. ಗಂಗರತ್ನಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಗಂಟಲಲ್ಲೇ ಸಿಕ್ಕಿಕೊಂಡವು. ಅಷ್ಟರಲ್ಲಿ ಭಾರತಮ್ಮ ಮುಂದೆ ಬಂದಳು.

"ಸ್ವಾಮಿ, ಕರೆಂಟಿಲ್ಲ ಅಂತೀರಲ್ಲ, ಇದು ಯಾವ ಗಾಳೀಗೆ ತಿರುಗ್ತೈತೆ?"

ಹೊರಗಿದ್ದವರು ಹೋ ಎಂದು ಕೂಗಿದರು. ಸಾಹೇಬರ ಮುಖ ಕೆಂಪಾಯಿತು. ಫ್ಯಾನು ನಿಲ್ಲಿಸಿ ಸ್ವಲ್ಪ ಹೊತ್ತು ಬೆವರಿದರು. ಆಮೇಲೆ, ನಾಳೆಯಿಂದ ಬೆಳಗಿನ ಹೊತ್ತು ಕರೆಂಟು ಬಿಡಿಸುತ್ತೇನೆ ಎಂದು ಒಪ್ಪಿಕೊಂಡರು.

ಮಾತಿನಂತೆ ಮರುದಿನ ಮೋಟಾರು ಗುಡುಗುಟ್ಟಿತು. ಕಾಲುವೆಯಲ್ಲಿ ನೀರು ಹರಿಯಿತು. ಊರೆಲ್ಲ ಅದಕ್ಕೆ 'ಭಾರತಮ್ಮ ತಂದ ಕರೆಂಟು' ಎಂದೇ ಹೆಸರಿಟ್ಟಿತು. ಪೆದ್ದಪ್ಪ ಕೂಡ ಊಟಕ್ಕೆ ಕೂತಾಗ, "ಭಾರತಮ್ಮಂದು ಬಾಯಿ ಅಂದ್ರೆ ಬಾಯಿ ಕಣೇ! ಸಾಹೇಬ್ರನ್ನೇ ತೆಪ್ಪಗಾಗಿಸಿಬಿಟ್ಳು" ಎಂದು ನಕ್ಕ. ಗಂಗರತ್ನಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು. ತನ್ನದೇ ಬಾವಿಯಿಂದ ಬಂದ ನೀರು ಅವಳಿಗೆ ಎರವಲು ತಂದ ನೀರಿನಂತೆ ಕಂಡಿತು.

ವಾರ ತುಂಬಲಿಲ್ಲ, ಕರೆಂಟು ಮತ್ತೆ ಹೋಯಿತು. ಬೆಳಗ್ಗೆ ಗುಂಡಿ ಒತ್ತಿದರೆ ಮೋಟಾರು ಮಿಸುಕಲಿಲ್ಲ. "ಸರ್ಕಾರದೋರ ಮಾತು ಇಷ್ಟೇ" ಎಂದು ಪೆದ್ದಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಗಂಗರತ್ನಮ್ಮನಿಗೆ ಮೊದಲು ಬಂದದ್ದು ದುಃಖವಲ್ಲ. ಭಾರತಮ್ಮನ ಹೆಸರು ಇಳಿಯಿತಲ್ಲ ಎಂದು ಒಳಗೊಳಗೇ ತಣ್ಣಗಾಯಿತು. ಎದುರಿಗೆ ತನ್ನ ಗಿಡಗಳು ಬಾಡಿ ನಿಂತಿದ್ದವು. ಅವನ್ನು ನೋಡಿದ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೊಳಗೆ ಹೋಗಿ, "ಏಳ್ರಿ, ಕೋಲಾರಕ್ಕೆ ಹೋಗೋಣ. ಈ ಸಲ ನಾನು ಮಾತಾಡ್ತೀನಿ" ಎಂದಳು.

ಈ ಸಲ ಅವಳು ಒಳಕ್ಕೇ ಹೋಗಲಿಲ್ಲ. ಆಫೀಸಿನ ಬಾಗಿಲಿಗೆ ಅಡ್ಡಲಾಗಿ ಚಕ್ಕಳಮಕ್ಕಳ ಹಾಕಿ ಕೂತಳು. ಜವಾನ ಬೈದ, ಬೇಡಿಕೊಂಡ. ಪೊಲೀಸರನ್ನು ಕರೆಸುತ್ತೇನೆಂದು ಸಾಹೇಬರು ಒಳಗಿನಿಂದಲೇ ಗದರಿದರು. "ಕರೆಸಿ ಸ್ವಾಮಿ. ಅವರ ಮನೇಗೂ ತರಕಾರಿ ಬೇಕಲ್ಲ" ಎಂದಳು ಗಂಗರತ್ನಮ್ಮ. ಮಾತು ಈ ಸಲ ಸಿಕ್ಕಿಕೊಳ್ಳಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಯಾರೋ ಬಂದು ಪಕ್ಕದಲ್ಲಿ ಕೂತರು. ತಿರುಗಿ ನೋಡಿದರೆ ಭಾರತಮ್ಮ. ಮಜ್ಜಿಗೆಯ ಚೊಂಬು ಮುಂದೆ ಸರಿಸಿದಳು. ಗಂಗರತ್ನಮ್ಮ ಬಾಯಾರಿಕೆ ತಾಳದೆ ಅದನ್ನು ಕುಡಿದಳು.

ಹೊತ್ತು ಇಳಿಯುವ ವೇಳೆಗೆ ಬಾಗಿಲ ಮುಂದೆ ಜನ ಕಿಕ್ಕಿರಿದಿದ್ದರು. ಸಾಹೇಬರು ಬೆಂಗಳೂರಿಗೆ ಫೋನು ಮಾಡಿ ಮಾತಾಡಿದರು. ಹೊರಗೆ ಬಂದು, ಮಳೆ ಬರುವ ತನಕ ಬೆಳಗಿನ ಕರೆಂಟು ತಪ್ಪುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿದರು. "ನಿಮ್ಮಲ್ಲಿ ಮುಖಂಡರು ಯಾರು?" ಎಂದು ಕೇಳಿದರು.

"ನಾನೇ" ಎಂದಳು ಗಂಗರತ್ನಮ್ಮ, ಓರಗಿತ್ತಿ ಬಾಯಿ ತೆರೆಯುವ ಮುಂಚೆಯೇ.

ಸಾಹೇಬರು ಈ ಸಲ ಕೊಟ್ಟ ಮಾತನ್ನು ಉಳಿಸಿಕೊಂಡರು. ಹುರುಳಿಕಾಯಿ ಕೈಗೆ ಹತ್ತಲಿಲ್ಲ, ಆದರೆ ಬದನೆ ಉಳಿಯಿತು. ಊರಿನವರ ಬಾಯಲ್ಲಿ ಈಗ ಗಂಗರತ್ನಮ್ಮನದೇ ಮಾತು. ಕರೆಂಟಿಗೆ ಹಿಂದೆ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಅವಳು ಬೇಲಿಯ ಬಳಿ ನಿಂತು ಓರಗಿತ್ತಿಯ ಮುಖದಲ್ಲಿ ಒಂದಿಷ್ಟಾದರೂ ಉರಿ ಕಾಣುತ್ತದೆಯೇ ಎಂದು ಹುಡುಕಿದಳು.

ಭಾರತಮ್ಮ ಕಳೆ ಕೀಳುತ್ತಿದ್ದವಳು ತಲೆಯೆತ್ತಿ, "ನಿನ್ನ ಬದನೆ ಚೆನ್ನಾಗಿ ಕಾಯಿ ಕಚ್ಚೈತೆ ಅಕ್ಕ, ನಮ್ಮದಕ್ಕಿಂತ" ಎಂದು ನಕ್ಕಳು. ಒಂದು ಚೂರೂ ಕಹಿಯಿಲ್ಲದ ನಗು.

ಹಾಗೆ ನಗುವುದು ತನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲವೆಂದು ಗಂಗರತ್ನಮ್ಮನಿಗೆ ಆ ಕ್ಷಣ ತಿಳಿಯಿತು. ಅವಳಿಗೆ ಈಗ ಆ ನಗುವಿನ ಮೇಲೆಯೇ ಹೊಟ್ಟೆಯುರಿಯಿತು.