ನೈರೋಬಿಯಿಂದ ಆರು ಬೆರಳು

ನರೋಣಾದ ಬೀರಣ್ಣ ನೇಯ್ದ ಕಂಬಳಿ ಹೊದ್ದರೆ ಆಳಂದದ ಚಳಿ ಜೇವರ್ಗಿಗೆ ಓಡಿಹೋಗುತ್ತಿತ್ತು. ಅವನ ಬಾಯಿ ಅದಕ್ಕಿಂತ ಜೋರು. ನೈರೋಬಿಯಲ್ಲಿ ದುಡಿಯುತ್ತಿದ್ದ ಅಣ್ಣ ಅಲ್ಲೇ ಸತ್ತು ಮಣ್ಣಾದಾಗ, ಅವನ ಪಾಲಿನ ಹೊಲವನ್ನೂ ಬೀರಣ್ಣನೇ ನುಂಗಿ ಕೂತ. ಅಣ್ಣನ ಹೆಂಡತಿ, ವೈನಿ ನಿಂಬೆವ್ವ ಹೊಲ ಕೇಳಿದಳು. ಬೀರಣ್ಣ ಸಾಲೆಯ ಗ್ಲೋಬಿನ ಮೇಲೆ ನೈರೋಬಿಯಿಂದ ಬೊಂಬಾಯಿತನಕ ಕರಿ ಉಣ್ಣೆಯ ನೂಲು ಎಳೆದು ಹರಿದ. ಆರು ಬೆರಳು ಬಂತು.

"ನೋಡ್ರಿ ವೈನಿ, ವಿಮಾನದ ದಾರಿ ಇಷ್ಟುದ್ದ ಅದ. ಸತ್ತಾಂವ ಹೊಲ ಕೇಳಾಕ ಹಾರಿ ಬರ್ತಾನೇನ್ರಿ?"

"ಅವರ ಹಟ ನಿನಗ ಗೊತ್ತಿಲ್ಲೇನು, ಬೀರಣ್ಣ?" ಎಂದು ನಿಂಬೆವ್ವ ಹೋದಳು.

ಊರೆಲ್ಲ ನೋಡಲಿ ಎಂದು ಅವನು ನೂಲನ್ನು ಬಾಗಿಲಿಗೆ ಕಟ್ಟಿದ. ಮರುದಿನ ಅದು ಐದೇ ಬೆರಳಾಗಿತ್ತು.

"ತೇವಕ್ಕ ಉಣ್ಣಿ ಕುಗ್ಗತದ," ಎಂದು ನಕ್ಕ. ಆದರೆ ಅದು ಕಲ್ಲೂ ಒಣಗಿ ಬಿರಿಯುವ ಬೇಸಿಗೆ. ನೂಲು ದಿನಕ್ಕೊಂದು ಬೆರಳು ಕಡಿಮೆಯಾಗುತ್ತ ಬಂತು. ಗಂಟಷ್ಟೇ ಉಳಿದ ಸಂಜೆ, ಅಂಗಳದಲ್ಲಿ ಯಾರೋ ಕೆಮ್ಮಿದರು. ಅದು ಅಣ್ಣನ ಕೆಮ್ಮು.

"ವೈನೀ, ನಿಮ್ಮ ಹೊಲ ನಿಮಗ ಬಿಟ್ಟೇನ್ರೀ!" ಬೀರಣ್ಣನ ಕೂಗು ಅಫಜಲಪುರದತನಕ ಕೇಳಿಸಿತು.

ಬೆಳಗ್ಗೆ ನೂಲು ಮತ್ತೆ ಆರು ಬೆರಳಾಗಿತ್ತು. ತುದಿ ಮಾತ್ರ, ಯಾರೋ ಮುಷ್ಟಿಯಲ್ಲಿ ಹಿಡಿದು ಈಗಷ್ಟೇ ಬಿಟ್ಟಂತೆ, ಬೆಚ್ಚಗಿತ್ತು.