ಜೆರುಸಲೇಮಿನಲ್ಲಿ ಉಳಿದವರು

ಬೆಂಗಳೂರಿನ ಜೆ.ಪಿ. ನಗರದ ಪಾರ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಹಿರಿಯ ನಾಗರಿಕರ ಸಂಘದ ಉಪನ್ಯಾಸ ನಡೆಯುತ್ತದೆ. ಒಂದು ವಾರ ನಿವೃತ್ತ ಇತಿಹಾಸ ಮೇಷ್ಟ್ರು ಚಕ್ರಪಾಣಿ ಜೆರುಸಲೇಮಿನ ಪತನದ ಬಗ್ಗೆ ಮಾತಾಡಿದರು. ಕೇಳಲು ಒಂಬತ್ತು ಜನರಿದ್ದರು. ಇಬ್ಬರಿಗೆ ನಿದ್ದೆ ಬಂದಿತ್ತು.

ಬಾಬಿಲೋನಿನ ದೊರೆ ನೆಬೂಕದ್ನೆಚ್ಚರ ಊರಿಗೆ ಮುತ್ತಿಗೆ ಹಾಕಿದ, ಕೋಟೆ ಒಡೆದ, ದೇವಾಲಯ ಸುಟ್ಟ. ಸೋತ ರಾಜನ ಕಣ್ಣು ಕೀಳಿಸಿ, ಜನರ ಜೊತೆ ಬಾಬಿಲೋನಿಗೆ ಸಾಗಿಸಿದ. ಮೇಷ್ಟ್ರು ಇದನ್ನು ಮೂವತ್ತು ವರ್ಷ ಇದೇ ಕ್ರಮದಲ್ಲಿ ಪಾಠ ಮಾಡಿದ್ದರು.

ಪಾರ್ಕು ಗುಡಿಸುವ ಮುನಿವೆಂಕಟಮ್ಮ ಪೊರಕೆ ನಿಲ್ಲಿಸಿ ಕೇಳಿದಳು. “ಎಲ್ಲಾರ್ನೂ ಕರ್ಕೊಂಡ್ ಹೋದ್ರಾ ಸಾರ್?”

“ಇಲ್ಲಮ್ಮ. ಹೊಲ, ತೋಟ ನೋಡ್ಕೊಳ್ಳೋಕೆ ಬಡವರನ್ನ ಅಲ್ಲೇ ಬಿಟ್ರು.”

“ಅವರೇನಾದ್ರು?”

ಮೇಷ್ಟ್ರು ಟಿಪ್ಪಣಿ ನೋಡಿದರು. ಅದರಲ್ಲಿ ಇರಲಿಲ್ಲ. ಮುಂದಿನ ವಾರ ಹೇಳುವುದಾಗಿ ಒಪ್ಪಿಕೊಂಡರು.

ಆ ವಾರವೆಲ್ಲ ಓದಿದರು. ಭಾನುವಾರ ಬಂದು, ಬಡವರಿಗೆ ತೋಟಗಳನ್ನು ಕೊಟ್ಟದ್ದನ್ನೂ, ಅವರ ಮೇಲೆ ನೇಮಿಸಿದ ಅಧಿಕಾರಿಯ ಕೊಲೆಯಾದದ್ದನ್ನೂ, ಹೆದರಿದ ಕೆಲವರು ಈಜಿಪ್ಟಿಗೆ ಓಡಿದ್ದನ್ನೂ ತಿಳಿಸಿದರು. ಸುಮಾರು ಐವತ್ತು ವರ್ಷದ ನಂತರ ಸೆರೆ ಹೋದವರ ಮಕ್ಕಳು ವಾಪಸಾದರು. ನೆಲ ಯಾರದೆಂಬ ತಕರಾರು ಎದ್ದಿರಬೇಕು ಎಂದರು.

“ನಮ್ಮನ್ನ ಯಾರೂ ಎಲ್ಲಿಗೂ ಕರ್ಕೊಂಡ್ ಹೋಗ್ಲಿಲ್ಲ ಸಾರ್,” ಎಂದಳು ಮುನಿವೆಂಕಟಮ್ಮ. “ನಾವು ಇಲ್ಲೇ ಇದ್ವಿ. ಹೊಲ ಹೋಯ್ತು.”

ಇಲ್ಲಿನ ಹೊಲಗಳನ್ನು ತೆಗೆದುಕೊಂಡು ಲೇಔಟ್ ಮಾಡಿದಾಗ ಅವಳಿಗೆ ಒಂಬತ್ತು ವರ್ಷ. ಸಂಘದ ಅಧ್ಯಕ್ಷ ಶಂಭುಲಿಂಗಪ್ಪನವರು ಇದು ಇಂದಿನ ವಿಷಯವಲ್ಲ ಎಂದು ಸೂಚಿಸಿದರು. ಅದು ನಿಜವೂ ಆಗಿತ್ತು.

ಸಭೆ ಮುಗಿದ ಮೇಲೆ ಮೇಷ್ಟ್ರು ಹೊಲ ಎಲ್ಲಿತ್ತು ಎಂದು ಕೇಳಿದರು. ಅವಳು ಮೂರು ಕ್ರಾಸ್ ದಾಟಿ, ಎಲ್ಲೂ ಅನುಮಾನಿಸದೆ ನಡೆದು, ಒಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಳು. ಅಲ್ಲಿ ಬಾವಿ ಇತ್ತಂತೆ. ಪಕ್ಕದ ಎರಡು ಮನೆಗಳ ಜಾಗದಲ್ಲಿ ರಾಗಿ, ಸಾಲಿನ ನಡುವೆ ಅವರೆ. ಅಪ್ಪ ಆಮೇಲೆ ಅದೇ ಮನೆಗಳ ಪಾಯ ತೋಡುವ ಕೂಲಿಗೆ ಹೋದದ್ದನ್ನೂ ಹೇಳಿದಳು.  ಮೇಷ್ಟ್ರು ಬಾವಿ ಎಷ್ಟು ಆಳ ಇತ್ತು ಎಂದು ಕೇಳಿದರು.

“ನಂಗೆ ಬಗ್ಗಿ ನೋಡೋಕೆ ಬಿಡ್ತಿರ್ಲಿಲ್ಲ,” ಎಂದಳು.

ಮರುವಾರದ ಪಟ್ಟಿಯಲ್ಲಿ ಪರ್ಷಿಯಾ ಇತ್ತು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿ ಮುನಿವೆಂಕಟಮ್ಮನನ್ನು ಕೂರಿಸಿ, ತಾವು ಕೇಳುವವರ ಸಾಲಿನಲ್ಲಿ ಕೂತರು. ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ಯಾರೂ ನಿದ್ದೆ ಮಾಡಲಿಲ್ಲ. ಉಪನ್ಯಾಸಕರಿಗೆ ಶಾಲು ಹೊದಿಸುವುದು ಸಂಘದ ನಿಯಮವಾದ್ದರಿಂದ ಶಂಭುಲಿಂಗಪ್ಪನವರು ಎದ್ದು ಹೊದಿಸಿದರು.