ಅರಿಶಿನ ಕುಟ್ಟುವ ಹಾಡು

ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿದ್ದ ರೇಷ್ಮೆ ಹುಳುಗಳನ್ನು ಮುನಿಯಮ್ಮ ಆರಿಸಿ ಆರಿಸಿ ಗೂಡು ಕಟ್ಟಲೆಂದು ಬಿದಿರಿನ ತಟ್ಟಿಯ ಚಂದ್ರಿಕೆಗೆ ಬಿಡುತ್ತಿದ್ದಳು. ಹೀಗೆ ಹಣ್ಣಾದ ಹುಳು ಕಾಯುವುದಿಲ್ಲ. ತಡವಾದರೆ ಸೊಪ್ಪಿನ ಮೇಲೇ ಗೂಡು ಕಟ್ಟಿಬಿಡುತ್ತದೆ. ಅದಕ್ಕೇ ಪಕ್ಕದ ಮನೆಯ ಮಾರಕ್ಕ, ನಾಳೆ ಮಗಳು ಚೈತ್ರಾಳ ಅರಿಶಿನ ಕುಟ್ಟುವ ಶಾಸ್ತ್ರವಿದ್ದರೂ, ಬಂದು ಎದುರಿಗೆ ಕೂತಿದ್ದಳು. ಜೊತೆಗೆ ಹಿಂದಿನ ಬೀದಿಯ ಹೊಸ ಸೊಸೆ ಭಾನುಪ್ರಿಯ.

"ಮದ್ವೆ ಮನೆ ಬುಟ್ಟು ಯಾಕ್ ಬಂದೆ ಅಕ್ಕಾ?"

"ಮದ್ವೆ ಗಂಡು ಕಾಯ್ತಾನೆ, ನಿನ್ ಹುಳ ಕಾಯ್ತವಾ? ಸುಮ್ನೆ ಆರ್ಸು."

ಭಾನುಪ್ರಿಯ ನಕ್ಕಳು. ಮಾರಕ್ಕ ನಗಲಿಲ್ಲ. ಇನ್ನೇನೋ ಹೇಳಲು ಬಂದಿದ್ದಾಳೆ ಅನ್ನಿಸಿತು ಮುನಿಯಮ್ಮನಿಗೆ.

ಈ ಬೀದಿಯ ಮದುವೆಗಳಲ್ಲಿ ಸೋಬಾನೆ ಹಾಡು ಎತ್ತಿಕೊಡುತ್ತಿದ್ದವಳು ಮುನಿಯಮ್ಮನೇ. ಅವಳು ಸಾಲು ಹೇಳಿದರೆ ಉಳಿದವರು ಪಲ್ಲವಿಯ ಸೊಲ್ಲು ಸೇರಿಸುತ್ತಿದ್ದರು. ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಅವಳು ಯಾವ ಚಪ್ಪರದ ಕೆಳಗೂ ಕೂತಿಲ್ಲ. ಯಾರೂ ಬೇಡವೆನ್ನಲಿಲ್ಲ, ಯಾರೂ ಕರೆಯಲೂ ಇಲ್ಲ.

"ನೆನ್ನೆ ಒಸಿ ಹಾಡಿ ನೋಡ್ದೊ," ಎಂದಳು ಮಾರಕ್ಕ. "ಎಲ್ರೂ ಸೊಲ್ಲು ಸೇರ್ಸೋರೇ. ಸಾಲು ಹೇಳೋಕೆ ಒಬ್ಳಿಗೂ ಬರಕ್ಕಿಲ್ಲ. ನೀನಿದ್ದಲ್ಲ ಅಂತ ಯಾರೂ ಕಲೀಲೇ ಇಲ್ಲ."

"ನನ್ ಫೋನ್‌ಗೆ ಹಾಡ್ಕೊಟ್ಬುಡಿ ಅತ್ತೆ, ನಾಳೆ ನಾನೇ ಹಾಕ್ತೀನಿ," ಎಂದಳು ಭಾನುಪ್ರಿಯ.

"ನಿನ್ ಫೋನು ಅದರ ಪಾಡಿಗೆ ಓಡ್ತದೆ. ಒನಕೆ ಹಿಡ್ದೋರಿಗೆ ಕೈ ಸೋತ್ರೆ ನಿಲ್ತದೇನೇ?" ಮಾರಕ್ಕ ಅಂಗೈಯಲ್ಲಿದ್ದ ಹುಳುವನ್ನೇ ನೋಡುತ್ತ ದನಿ ತಗ್ಗಿಸಿದಳು. "ಮುನಿಯಮ್ಮ, ನೀನು ಅಡುಗೆಮನೇಲಿ ಕೂತ್ಕಂಡು ಹೇಳು. ಆಚೆಗೆ ಕೇಳ್ತದೆ. ಗಂಡಿನ ಕಡೆಯೋರ ಬಾಯಿಗೆ ಬೀಳೋದು ಬ್ಯಾಡ."

ಕರೆದಳಲ್ಲ ಎಂಬ ಸಂತೋಷ, ಕರೆದದ್ದು ಒಳಗೆ ಎಂಬ ನೋವು, ಎರಡೂ ಒಟ್ಟಿಗೇ ಬಂದವು.

"ಆಯ್ತು ಕಣಕ್ಕ."

"ಈಗ ಒಂದ್ಸಲ ಹೇಳು ಮತ್ತೆ."

ವರ್ಷದಿಂದ ಮುಚ್ಚಿದ್ದ ಗಂಟಲು ಮೊದಲು ಒಡಕಲಾಗಿ ಬಂತು. ಎರಡನೆಯ ಸಾಲಿಗೆ ದಾರಿ ಸಿಕ್ಕಿತು. ಮಾರಕ್ಕ, ಭಾನುಪ್ರಿಯ ಸೊಲ್ಲು ಹಿಡಿದರು. ಹಾಡು ಕೇಳಿ ಬಾಗಿಲಿಗೆ ಬಂದ ಅಕ್ಕಪಕ್ಕದ ಹೆಂಗಸರು ಒಳಗೆ ಬಂದು ಕೂತು, ಹುಳು ಆರಿಸುತ್ತ ದನಿಗೂಡಿಸಿದರು.

ತುಂಬಿದ ಚಂದ್ರಿಕೆಯನ್ನು ಗೋಡೆಗೆ ಒರಗಿಸಲು ಮುನಿಯಮ್ಮ ಅತ್ತ ತಿರುಗಿದಳು. ಹಾಡು ನಿಲ್ಲಿಸಿರಲಿಲ್ಲ. ಆದರೂ ಬೆನ್ನ ಹಿಂದೆ ಸೊಲ್ಲು ಚದುರಿತು; ಒಬ್ಬಳು ಮುಂಚೆ, ಒಬ್ಬಳು ಆಮೇಲೆ. ಇತ್ತ ತಿರುಗಿದಳು, ಸರಿಹೋಯಿತು. ಬೇಕೆಂದೇ ಇನ್ನೊಮ್ಮೆ ಗೋಡೆಯತ್ತ ಮುಖ ಮಾಡಿದಳು. ಮತ್ತೆ ಚದುರಿತು. ತಾನು ಉಸಿರೆಳೆದುಕೊಳ್ಳುವುದನ್ನು ನೋಡಿಯೇ ಇವರೆಲ್ಲ ಉಸಿರೆಳೆದುಕೊಳ್ಳುತ್ತಿದ್ದಾರೆ.

ಹುಳು ಮುಗಿದವು. ಮಾರಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ನಾಳೆ ಬೇಗ ಬಾ. ಒಲೆ ಪಕ್ಕ ಮಣೆ ಹಾಕ್ಸಿರ್ತೀನಿ."

"ಬತ್ತೀನಿ ಅಕ್ಕಾ."

ಎಲ್ಲರೂ ಹೋದ ಮೇಲೆ ಮುನಿಯಮ್ಮ ಉಳಿದ ಸೊಪ್ಪನ್ನು ಗುಡಿಸಿ ಮೂಲೆಗೆ ತಂದಳು. ನಾಳೆ ಅಡುಗೆಮನೆಗೆ ಹೋಗುವುದಿಲ್ಲ. ಚಪ್ಪರದ ಕೆಳಗೆ, ಒರಳಿನ ಎದುರಿಗೆ, ಎಲ್ಲರಿಗೂ ಮುಖ ಕಾಣುವ ಹಾಗೆ ಕೂರುವುದು.

ಆಚೆಯಿಂದ ಭಾನುಪ್ರಿಯ ಇಣುಕಿ, "ಏನತ್ತೆ, ಒಬ್ರೇ ನಗ್ತಿದ್ದೀರಾ?" ಎಂದಳು.

"ಏನಿಲ್ಲ ಹೋಗು ಮಗ, ಹೊತ್ತಾಯ್ತು," ಎಂದು ಅವಳು ಪೊರಕೆ ಎತ್ತಿಕೊಂಡಳು.